ಆಂಟಿವೈರಸ್ ಅಪ್‌ಡೇಟ್ ಆಗುವಾಗ ಲ್ಯಾಬ್‌ನಲ್ಲಿ ನೆಟ್ ಹೋದರೆ ಎಲ್ಲಿಂದ ಹುಡುಕಬೇಕು?

ಶಾಲೆಯ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವರಿಗೆಲ್ಲ ಇದು ಗೊತ್ತಿರುವ ಪಾಡು. ಮೊದಲ ಪೀರಿಯಡ್. ಎಲ್ಲ ಕಂಪ್ಯೂಟರೂ ಆನ್ ಆಗಿವೆ. ಸ್ವಲ್ಪ ಹೊತ್ತಿಗೆ ಒಂದು ಮೂಲೆಯಿಂದ "ಸಾರ್, ನೆಟ್ ಬರ್ತಿಲ್ಲ" ಅಂತ ಒಂದು ದನಿ, ಆಮೇಲೆ ಇಡೀ ಸಾಲು ಅದನ್ನೇ ಹೇಳಲು ಶುರು ಮಾಡುತ್ತದೆ. ಪರದೆಯ ಕೆಳಗೆ ಬಲಗಡೆ ನೋಡಿದರೆ ಆಂಟಿವೈರಸ್ಸಿನ ಐಕಾನ್ ಸುತ್ತುತ್ತಿರುತ್ತದೆ. ಅಪ್‌ಡೇಟ್ ನಡೀತಾ ಇದೆ.

ಆಗ ಜಾಸ್ತಿ ಜನ ಎರಡರಲ್ಲಿ ಒಂದು ಮಾಡುತ್ತಾರೆ. ರೂಟರ್ ಆಫ್ ಮಾಡಿ ಆನ್ ಮಾಡುತ್ತಾರೆ, ಇಲ್ಲವೇ ಆಂಟಿವೈರಸ್ಸನ್ನೇ ಕಿತ್ತು ಹಾಕುತ್ತಾರೆ. ರೂಟರ್ ಆಫ್ ಮಾಡಿದರೆ ಅರ್ಧಕ್ಕೆ ನಿಂತ ಡೌನ್‌ಲೋಡ್‌ಗಳಲ್ಲಿ ಎಷ್ಟೋ ಮತ್ತೆ ಮೊದಲಿಂದ ಶುರುವಾಗುತ್ತವೆ, ಹಾಗಾಗಿ ಸ್ವಲ್ಪ ಹೊತ್ತಿನಲ್ಲೇ ಮತ್ತೆ ಅದೇ ಗೋಳು. ಆಂಟಿವೈರಸ್ ಕಿತ್ತರೆ? ನಿಮ್ಮ ಲ್ಯಾಬಿಗೆ ದಿನಕ್ಕೆ ಎಷ್ಟು ಪೆನ್‌ಡ್ರೈವ್ ಬರುತ್ತವೆ ಅಂತ ಒಮ್ಮೆ ಎಣಿಸಿ ನೋಡಿ, ಆಮೇಲೆ ತೀರ್ಮಾನ ಮಾಡಿ.

ಎರಡಕ್ಕೂ ಮೊದಲು ನೋಡಬೇಕಾದ್ದು ಒಂದೇ. ನೆಟ್ ಹೋಗಿರುವುದು ಎಲ್ಲ ಕಂಪ್ಯೂಟರಿಗಾ, ಒಂದೆರಡಕ್ಕಾ? ಎಲ್ಲಕ್ಕೂ ಹೋಗಿದ್ದರೆ ಲೈನ್ ತುಂಬಿರುವ ಸಾಧ್ಯತೆಯೇ ಹೆಚ್ಚು. ಒಂದೆರಡಕ್ಕೆ ಮಾತ್ರ ಹೋಗಿದ್ದರೆ ಆ ಕಂಪ್ಯೂಟರಿನ ಒಳಗೇ ಏನೋ ಕೆಟ್ಟಿದೆ. ಎರಡೂ ಬೇರೆ ಬೇರೆ ತೊಂದರೆ, ಎರಡಕ್ಕೂ ಬೇರೆ ಬೇರೆ ಪರಿಹಾರ. ಇದನ್ನು ಮೊದಲೇ ವಿಂಗಡಿಸದೆ ಕೈ ಹಾಕಿದರೆ ಸುಮ್ನೆ ಅರ್ಧ ದಿನ ಹಾಳು.

ಮೊದಲ ಪರೀಕ್ಷೆ

ನೆಟ್ ಇಲ್ಲ ಅನ್ನುವ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ ಕೊಡಿ. (ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಹಾಕಬೇಕು.) ಅದರಲ್ಲಿ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಆ ಕಂಪ್ಯೂಟರನ್ನು ಗುರುತಿಸುವ ನಂಬರು) 169.254 ಅಂತ ಶುರುವಾದರೆ ಕಂಪ್ಯೂಟರಿಗೆ ರೂಟರಿಂದ ವಿಳಾಸವೇ ಸಿಕ್ಕಿಲ್ಲ ಅಂತ ಅರ್ಥ. ವಿಳಾಸ ಸಿಗದಾಗ ವಿಂಡೋಸ್ ತಾನೇ ಹಾಕಿಕೊಳ್ಳುವ ನಂಬರು ಅದು. ಆಗ ಕೇಬಲ್, ನೆಟ್‌ವರ್ಕ್ ಸ್ವಿಚ್ಚಿನ (ಲ್ಯಾಬಿನ ಕೇಬಲ್‌ಗಳೆಲ್ಲ ಬಂದು ಸೇರುವ ಡಬ್ಬಿ) ಪೋರ್ಟ್, ಅಥವಾ ಆ ಕಂಪ್ಯೂಟರಿನ ನೆಟ್‌ವರ್ಕ್ ಡ್ರೈವರ್ ಕಡೆ ನೋಡಿ. ಲೈನಿನ ತಪ್ಪು ಇರಲಿಕ್ಕಿಲ್ಲ.

ವಿಳಾಸ ಸರಿ ಇದ್ದರೆ ಅದೇ ಪಟ್ಟಿಯಲ್ಲಿ ಡೀಫಾಲ್ಟ್ ಗೇಟ್‌ವೇ ಅಂತ ಒಂದು ನಂಬರ್ ಇರುತ್ತದೆ, ಅದು ನಿಮ್ಮ ರೂಟರ್. ಮೊದಲು ಅದಕ್ಕೆ ಪಿಂಗ್ ಮಾಡಿ, ಅಂದರೆ ಕಮಾಂಡ್ ಪ್ರಾಂಪ್ಟಿನಲ್ಲಿ ಪಿಂಗ್ ಅಂತ ಬರೆದು ಮುಂದೆ ಆ ನಂಬರ್ ಹಾಕಿ, ಉತ್ತರ ಬರುತ್ತದಾ ನೋಡಿ. ಆಮೇಲೆ ಹೊರಗಿನ ಇಂಟರ್ನೆಟ್‌ನಲ್ಲಿರುವ ಗೂಗಲ್ ಸರ್ವರ್ 8.8.8.8ಗೆ ಪಿಂಗ್ ಮಾಡಿ. ಕೊನೆಗೆ ಯಾವುದಾದರೂ ವೆಬ್‌ಸೈಟಿನ ಹೆಸರಿಗೆ ಪಿಂಗ್ ಮಾಡಿ. ಇದೇ ಕ್ರಮದಲ್ಲಿ ಮಾಡಿ, ಯಾಕೆಂದರೆ ಎಲ್ಲಿ ಉತ್ತರ ನಿಲ್ಲುತ್ತದೋ ತೊಂದರೆ ಅಲ್ಲೇ ಇದೆ. ರೂಟರೇ ಉತ್ತರ ಕೊಡದಿದ್ದರೆ ನಿಮ್ಮ ಕಂಪ್ಯೂಟರ್ ಮತ್ತು ರೂಟರಿನ ನಡುವೆ ಕೆಟ್ಟಿದೆ. ರೂಟರ್ ಉತ್ತರ ಕೊಟ್ಟು 8.8.8.8 ಕೊಡದಿದ್ದರೆ ಹೊರಗಿನ ಲೈನ್. ಅದೂ ಕೊಟ್ಟು ಹೆಸರಿಗೆ ಮಾತ್ರ ಉತ್ತರ ಬರದಿದ್ದರೆ ಡಿಎನ್‌ಎಸ್, ಅಂದರೆ ವೆಬ್‌ಸೈಟಿನ ಹೆಸರಿನಿಂದ ಅದರ ನಂಬರ್ ಹುಡುಕಿಕೊಡುವ ವ್ಯವಸ್ಥೆ. ಎಲ್ಲಕ್ಕೂ ಉತ್ತರ ಬಂದರೂ ಬ್ರೌಸರಿನಲ್ಲಿ ಪುಟ ತೆರೆಯುತ್ತಿಲ್ಲವೇ? ಹಾಗಾದರೆ ಆಂಟಿವೈರಸ್ಸಿನ ವೆಬ್ ಫಿಲ್ಟರ್ ಅಥವಾ ಪ್ರಾಕ್ಸಿ (ಕಂಪ್ಯೂಟರಿಗೂ ಇಂಟರ್ನೆಟ್ಟಿಗೂ ನಡುವೆ ನಿಲ್ಲುವ ಸರ್ವರ್) ಮೇಲೆ ಅನುಮಾನ ಪಡಿ. ಒಂದು ಮಾತು: ಶಾಲೆಯ ಫೈರ್‌ವಾಲ್‌ನಲ್ಲಿ ಪಿಂಗನ್ನೇ ತಡೆದಿದ್ದರೆ ಈ ಪರೀಕ್ಷೆ ನಿಮಗೆ ಸುಳ್ಳು ಹೇಳುತ್ತದೆ. ಅದಕ್ಕೆ ಎಲ್ಲ ಚೆನ್ನಾಗಿದ್ದ ದಿನವೇ ಒಮ್ಮೆ ಮಾಡಿ ನೋಡಿ, ಎಷ್ಟು ಮಿಲಿಸೆಕೆಂಡ್ ಬಂತು ಅಂತ ಒಂದು ಚೀಟಿಯಲ್ಲಿ ಬರೆದು ಮಾನಿಟರಿನ ಹಿಂದೆ ಅಂಟಿಸಿಡಿ.

ಆ ಮಿಲಿಸೆಕೆಂಡ್ ಯಾಕೆ ಬೇಕು ಅಂದರೆ, ಕಡಿದು ಹೋದ ಲೈನಿಗೂ ತುಂಬಿ ಹೋದ ಲೈನಿಗೂ ವ್ಯತ್ಯಾಸ ಅಲ್ಲಿ ಕಾಣಿಸುತ್ತದೆ. 8.8.8.8ಗೆ ಪಿಂಗ್ ಮಾಡುವಾಗ ಕೊನೆಗೆ ಒಂದು ಹೈಫನ್ ಮತ್ತು ಟಿ ಅಕ್ಷರ ಸೇರಿಸಿದರೆ ಅದು ನಿಲ್ಲದೆ ಓಡುತ್ತಾ ಇರುತ್ತದೆ. ಲೈನ್ ಕಡಿದಿದ್ದರೆ ಒಂದೇ ಸಮ "ರಿಕ್ವೆಸ್ಟ್ ಟೈಮ್ಡ್ ಔಟ್" ಬರುತ್ತದೆ. ತುಂಬಿದ್ದರೆ ಹಾಗಲ್ಲ. ಒಂದು ಸಾಲಿನಲ್ಲಿ 30 ಮಿಲಿಸೆಕೆಂಡ್, ಮುಂದಿನದರಲ್ಲಿ 900, ಆಮೇಲೆ 1,400, ನಡುವೆ ಒಂದು ಟೈಮ್ಡ್ ಔಟ್, ಮತ್ತೆ 700. ಈ ಕುಣಿತ ಕಂಡರೆ ಲೈನ್ ಇದೆ, ಆದರೆ ಉಸಿರಾಡಲು ಜಾಗ ಇಲ್ಲ. ಡಿಎನ್‌ಎಸ್ ಉತ್ತರಗಳೂ ಈ ಗಲಾಟೆಯಲ್ಲೇ ಸಿಕ್ಕಿಹಾಕಿಕೊಳ್ಳುವುದರಿಂದ ಬ್ರೌಸರ್ "ಸೈಟ್ ಸಿಗುತ್ತಿಲ್ಲ" ಅಂದುಬಿಡುತ್ತದೆ, ನಾವು ನೆಟ್ಟೇ ಹೋಯಿತು ಅಂದುಕೊಳ್ಳುತ್ತೇವೆ.

ಎಲ್ಲಕ್ಕೂ ಹೋಗಿದ್ದರೆ

ಸ್ವಲ್ಪ ಲೆಕ್ಕ ಮಾಡೋಣ. 30 ಕಂಪ್ಯೂಟರ್ ಇವೆ, ಪ್ರತಿಯೊಂದೂ 100 ಎಂಬಿ ಅಪ್‌ಡೇಟ್ ಎಳೆಯುತ್ತದೆ ಅಂತಿಟ್ಟುಕೊಳ್ಳಿ. ಒಟ್ಟು 3,000 ಎಂಬಿ. ನಿಮ್ಮ ಲೈನ್ 20 ಎಂಬಿಪಿಎಸ್. ಇಲ್ಲಿ ಬಹಳ ಜನ ಎಡವುತ್ತಾರೆ, 20 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 20 ಮೆಗಾಬಿಟ್, ಮೆಗಾಬೈಟ್ ಅಲ್ಲ. ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 2.5 ಎಂಬಿ. ಅಂದರೆ 3,000 ಎಂಬಿ ಇಳಿಯಲು 1,200 ಸೆಕೆಂಡ್, 20 ನಿಮಿಷ. ಅದೂ ಆ ಹೊತ್ತಿನಲ್ಲಿ ಬೇರೆ ಯಾರೂ ಒಂದು ಪುಟವನ್ನೂ ತೆರೆಯದಿದ್ದರೆ. ಒಂದೇ ನಲ್ಲಿಯ ಮುಂದೆ ಮೂವತ್ತು ಕೊಡ ಇಟ್ಟ ಹಾಗೆ. ಲೈನ್ 10 ಎಂಬಿಪಿಎಸ್ ಆಗಿದ್ದರೆ 40 ನಿಮಿಷ, ಪೀರಿಯಡ್ಡೇ ಮುಗಿಯಿತು.

ದಿನಾ ಬರುವ ಅಪ್‌ಡೇಟ್ ಇಷ್ಟು ದೊಡ್ಡದಿರುವುದಿಲ್ಲ, ನಿಜ. ವೈರಸ್ ಪಟ್ಟಿಯಲ್ಲಿ ನಿನ್ನೆಯಿಂದ ಇವತ್ತಿಗೆ ಬದಲಾದಷ್ಟು ಮಾತ್ರ ಬರುತ್ತದೆ. ಆದರೆ ಶಾಲೆಯ ಕಂಪ್ಯೂಟರಿಗೆ ಮೂರು ಕಾಟಗಳಿವೆ, ಮನೆಯ ಕಂಪ್ಯೂಟರಿಗೆ ಇವು ಅಷ್ಟಾಗಿ ಇಲ್ಲ.

ಒಂದು, ರಜೆ. ವಾರಗಟ್ಟಲೆ ಆಫ್ ಆಗಿದ್ದ ಕಂಪ್ಯೂಟರಿಗೆ ಚಿಕ್ಕ ಅಪ್‌ಡೇಟ್ ಸಾಕಾಗುವುದಿಲ್ಲ, ಪೂರ್ತಿ ಪಟ್ಟಿಯೇ ಬೇಕು. ಜೊತೆಗೆ ಆಂಟಿವೈರಸ್ಸಿನ ಹೊಸ ಆವೃತ್ತಿ, ಜೊತೆಗೆ ವಿಂಡೋಸ್ ಅಪ್‌ಡೇಟ್. ರಜೆ ಮುಗಿದ ಮೊದಲ ದಿನ ಲ್ಯಾಬ್‌ನಲ್ಲಿ ನೆಟ್ ಬಿದ್ದರೆ ಆಶ್ಚರ್ಯ ಪಡಬೇಡಿ.

ಎರಡು, ಕ್ಲೋನ್. ಲ್ಯಾಬಿನ ಕಂಪ್ಯೂಟರುಗಳನ್ನು ಸಾಮಾನ್ಯವಾಗಿ ಒಂದನ್ನು ಸಿದ್ಧಮಾಡಿ ಉಳಿದವಕ್ಕೆ ನಕಲು ಮಾಡಿರುತ್ತಾರೆ. ಒಂದರಲ್ಲಿ ಅಪ್‌ಡೇಟ್ ಬೆಳಿಗ್ಗೆ 10ಕ್ಕೆ ಅಂತ ಇಟ್ಟಿದ್ದರೆ ಎಲ್ಲದರಲ್ಲೂ ಹತ್ತಕ್ಕೇ, ಒಂದು ನಿಮಿಷ ಹಿಂದೆ ಮುಂದೆ ಇಲ್ಲ. "ಆನ್ ಆದ ತಕ್ಷಣ ಅಪ್‌ಡೇಟ್" ಅಂತ ಇದ್ದರೆ ಇನ್ನೂ ಕಷ್ಟ, ಮೇನ್ ಸ್ವಿಚ್ ಹಾಕಿದ ಕ್ಷಣವೇ ಎಲ್ಲವೂ ಒಟ್ಟಿಗೆ ಓಡುತ್ತವೆ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು, ಆದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಡೀಪ್ ಫ್ರೀಜ್ ತರಹದ ಸಾಫ್ಟ್‌ವೇರ್ ಹಾಕಿದ್ದೀರಾ? ಮಕ್ಕಳು ಏನೇ ಬದಲಾಯಿಸಿದರೂ ರೀಸ್ಟಾರ್ಟ್ ಆದಾಗ ಮೊದಲಿನ ಸ್ಥಿತಿಗೆ ತರುವಂಥದ್ದು? ಅದು ವಾಲ್‌ಪೇಪರನ್ನು ಮಾತ್ರ ಹಿಂದಕ್ಕೆ ತರುವುದಿಲ್ಲ, ಆಂಟಿವೈರಸ್ ಅಪ್‌ಡೇಟನ್ನೂ ಅಳಿಸಿ ಹಾಕುತ್ತದೆ. ಅಂದರೆ ಕಂಪ್ಯೂಟರ್ ಪ್ರತಿದಿನ ಬೆಳಿಗ್ಗೆ ಎದ್ದು, ತನ್ನ ಪಟ್ಟಿ ತಿಂಗಳುಗಟ್ಟಲೆ ಹಳೆಯದು ಅಂತ ತಿಳಿದು, ಪೂರ್ತಿ ಪ್ಯಾಕೇಜನ್ನೇ ಇಳಿಸಿಕೊಳ್ಳುತ್ತದೆ. ಸಂಜೆ ಆಫ್ ಮಾಡಿದಾಗ ಅದು ಹೋಯಿತು. ಮರುದಿನ ಮತ್ತೆ ಅಷ್ಟೇ. ತಿಂಗಳ ಡೇಟಾ ಮಿತಿ ಇರುವ ಲೈನ್ ಆದರೆ ಮಿತಿ ಯಾಕೆ ಬೇಗ ಮುಗಿಯುತ್ತದೆ ಅನ್ನುವುದಕ್ಕೂ ಉತ್ತರ ಇಲ್ಲೇ ಇರಬಹುದು. ಆಂಟಿವೈರಸ್ ತೆರೆದು "ಕೊನೆಯ ಅಪ್‌ಡೇಟ್" ತಾರೀಖು ನೋಡಿ. ಅಪ್‌ಡೇಟ್ ಮಾಡಿ, ರೀಸ್ಟಾರ್ಟ್ ಮಾಡಿ, ಮತ್ತೆ ನೋಡಿ. ತಾರೀಖು ಹಿಂದಕ್ಕೆ ಹೋಗಿದ್ದರೆ ಸಿಕ್ಕಿತು ಕಳ್ಳ.

ಇದಕ್ಕೆ ಪರಿಹಾರ ಆ ಸಾಫ್ಟ್‌ವೇರ್‌ನಲ್ಲೇ ಇರುತ್ತದೆ. ಇಂಥ ವಾರ, ಇಂಥ ಹೊತ್ತಿಗೆ ಲಾಕ್ ತೆಗೆದು, ಅಪ್‌ಡೇಟ್ ಮಾಡಿಕೊಂಡು, ಮತ್ತೆ ಲಾಕ್ ಹಾಕು ಅಂತ ನಿರ್ವಹಣೆಯ ಸಮಯ ಇಡಬಹುದು. ಆ ಸೌಲಭ್ಯ ಇಲ್ಲದಿದ್ದರೆ ವಾರಕ್ಕೊಂದು ಸಂಜೆ ಕೈಯಾರೆ ಮಾಡಿ. ಇನ್ನೊಂದು ದಾರಿ, ಆಂಟಿವೈರಸ್ ತನ್ನ ಪಟ್ಟಿಯನ್ನು ಇಡುವ ಜಾಗವನ್ನು ಲಾಕ್ ಇಲ್ಲದ ಡ್ರೈವಿಗೆ ವರ್ಗಾಯಿಸುವುದು. ಕೆಲವು ಆಂಟಿವೈರಸ್‌ಗಳಲ್ಲಿ ಮಾತ್ರ ಇದು ಸುಲಭ, ಉಳಿದವುಗಳಲ್ಲಿ ತಲೆನೋವು. ನನ್ನ ಮಟ್ಟಿಗೆ ವಾರದ ಸಮಯ ಇಡುವುದೇ ವಾಸಿ.

ಅಪ್‌ಡೇಟ್ ನಿಜಕ್ಕೂ ಲೈನ್ ತಿನ್ನುತ್ತಿದೆಯಾ ಅಂತ ಊಹೆ ಮಾಡಬೇಕಿಲ್ಲ, ನೋಡಬಹುದು. ವಿಂಡೋಸ್‌ನಲ್ಲಿ ರಿಸೋರ್ಸ್ ಮಾನಿಟರ್ ಅಂತ ಇದೆ, ಸ್ಟಾರ್ಟ್‌ನಲ್ಲಿ ಹುಡುಕಿ ತೆರೆದು ನೆಟ್‌ವರ್ಕ್ ಟ್ಯಾಬಿಗೆ ಹೋಗಿ. ಯಾವ ಪ್ರೋಗ್ರಾಂ ಸೆಕೆಂಡಿಗೆ ಎಷ್ಟು ಬೈಟ್ ಎಳೆಯುತ್ತಿದೆ ಅಂತ ಸಾಲಾಗಿ ತೋರಿಸುತ್ತದೆ. "ರಿಸೀವ್" ಅನ್ನುವ ಕಾಲಂ ಮೇಲೆ ಕ್ಲಿಕ್ ಮಾಡಿದರೆ ಹೆಚ್ಚು ಎಳೆಯುವುದು ಮೇಲಕ್ಕೆ ಬರುತ್ತದೆ. ಅಲ್ಲಿ ಆಂಟಿವೈರಸ್ಸಿನ ಹೆಸರಿದ್ದರೆ ಸರಿ. ಎಷ್ಟೋ ಸಲ ಅಲ್ಲಿರುವುದು ಆಂಟಿವೈರಸ್ ಅಲ್ಲವೇ ಅಲ್ಲ, ಅದೇ ಹೊತ್ತಿಗೆ ಓಡುವ ವಿಂಡೋಸ್ ಅಪ್‌ಡೇಟ್. ಐಕಾನ್ ಕಾಣಿಸುವುದು ಆಂಟಿವೈರಸ್ಸಿನದು, ಬೈಗುಳವೂ ಅದಕ್ಕೇ.

ವಿಂಡೋಸ್ ಅಪ್‌ಡೇಟೇ ಕಾರಣ ಅಂತಾದರೆ ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್, ಅದರೊಳಗೆ ಅಡ್ವಾನ್ಸ್ಡ್ ಆಪ್ಷನ್ಸ್, ಅದರೊಳಗೆ ಡೆಲಿವರಿ ಆಪ್ಟಿಮೈಸೇಷನ್. ಅಲ್ಲಿ ಎರಡು ಕೆಲಸ. ಲೋಕಲ್ ನೆಟ್‌ವರ್ಕಿನ ಬೇರೆ ಕಂಪ್ಯೂಟರುಗಳಿಂದ ಪಡೆಯಲು ಅನುಮತಿ ಕೊಡಿ, ಆಗ ಒಂದು ಕಂಪ್ಯೂಟರಿನಲ್ಲಿ ಆಗಲೇ ಇಳಿದಿರುವುದನ್ನು ಉಳಿದವು ಅದರಿಂದಲೇ ತೆಗೆದುಕೊಳ್ಳಬಹುದು. "ಇಂಟರ್ನೆಟ್‌ನಲ್ಲಿರುವ ಕಂಪ್ಯೂಟರುಗಳು" ಅನ್ನುವುದು ಬೇಡ. ಎರಡನೆಯದು, ಡೌನ್‌ಲೋಡ್ ವೇಗಕ್ಕೆ ಅಲ್ಲೇ ಮಿತಿ ಹಾಕಿ.

ಆಂಟಿವೈರಸ್ಸಿಗೆ ಬಂದರೆ, ಎಲ್ಲಕ್ಕಿಂತ ಅಗ್ಗದ ಪರಿಹಾರ ಹೊತ್ತು ಬದಲಾಯಿಸುವುದು. ಮೊದಲ ಐದು ಕಂಪ್ಯೂಟರಿಗೆ ಊಟದ ಬಿಡುವು, ಮುಂದಿನ ಐದಕ್ಕೆ ಅದರ ನಂತರ, ಹೀಗೆ. ವಿಂಡೋಸ್ ಜೊತೆ ಬರುವ ಡಿಫೆಂಡರ್ ಬಳಸುತ್ತಿದ್ದರೆ ಗ್ರೂಪ್ ಪಾಲಿಸಿಯಲ್ಲಿ (ವಿಂಡೋಸ್ ಹೇಗೆ ನಡೆದುಕೊಳ್ಳಬೇಕು ಅಂತ ನಿಯಮ ಹಾಕುವ ಜಾಗ) ನಿಗದಿ ಸಮಯವನ್ನು ತಾನಾಗಿ ಹಿಂದೆ ಮುಂದೆ ಮಾಡಿಸುವ ಆಯ್ಕೆ ಇದೆ. ಶಾಲೆಗಳಿಗೆ, ಕಚೇರಿಗಳಿಗೆ ಅಂತ ಮಾರುವ ಆಂಟಿವೈರಸ್‌ಗಳ ನಿರ್ವಹಣೆ ಕನ್ಸೋಲ್‌ನಲ್ಲೂ ಸಾಮಾನ್ಯವಾಗಿ ಇರುತ್ತದೆ.

ಆದರೆ ಸರಿಯಾದ ಪರಿಹಾರ ಅಂದರೆ ಹೊರಗಿಂದ ಒಂದೇ ಸಲ ತಂದು ಒಳಗೆ ಹಂಚುವುದು. ಒಂದು ಕಂಪ್ಯೂಟರ್ ಅಪ್‌ಡೇಟ್ ಇಳಿಸಿಕೊಳ್ಳುತ್ತದೆ, ಉಳಿದ 29 ಅದರಿಂದ ಪಡೆಯುತ್ತವೆ. ಹೊರಗಿನ ಲೈನಿನಲ್ಲಿ 3,000 ಎಂಬಿ ಬದಲು ಬರೀ 100 ಎಂಬಿ. ಒಳಗೆ ಹಳೆಯ 100 ಎಂಬಿಪಿಎಸ್ ಸ್ವಿಚ್ ಇದ್ದರೂ ಆ ಹಂಚಿಕೆ ನಾಲ್ಕೈದು ನಿಮಿಷದ ಕೆಲಸ. ಇದನ್ನು ಕೆಲವರು ಮಿರರ್ ಅನ್ನುತ್ತಾರೆ, ಕೆಲವರು ಅಪ್‌ಡೇಟ್ ಸರ್ವರ್ ಅನ್ನುತ್ತಾರೆ. ಮನೆಗೆ ಅಂತ ಮಾರುವ ಲೈಸೆನ್ಸ್‌ನಲ್ಲಿ ಈ ಸೌಲಭ್ಯ ಸಾಮಾನ್ಯವಾಗಿ ಇರುವುದಿಲ್ಲ, ಹಾಗಾಗಿ ಲೈಸೆನ್ಸ್ ನವೀಕರಿಸುವ ಮೊದಲೇ ಕೇಳಿಕೊಳ್ಳಿ. ಡಿಫೆಂಡರ್‌ಗೂ ಹಂಚಿಕೆಯ ಫೋಲ್ಡರಿನಿಂದ ಅಪ್‌ಡೇಟ್ ತೆಗೆದುಕೋ ಅಂತ ಗ್ರೂಪ್ ಪಾಲಿಸಿಯಲ್ಲಿ ಹೇಳಬಹುದು. ಏನೂ ಬೇಡ ಅಂದರೆ, ಬಹುತೇಕ ಕಂಪನಿಗಳು ಆಫ್‌ಲೈನ್ ಅಪ್‌ಡೇಟ್ ಫೈಲ್ ಕೊಡುತ್ತವೆ. ಒಮ್ಮೆ ಇಳಿಸಿ, ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಸಾಲಾಗಿ ಹೋಗಿ. ರಜೆ ಮುಗಿಯುವ ಹಿಂದಿನ ದಿನಕ್ಕೆ ಇದು ಬಹಳ ಒಳ್ಳೆಯದು. ಆ ಪೆನ್‌ಡ್ರೈವ್ ಮಾತ್ರ ಬೇರೆ ಯಾವುದಕ್ಕೂ ಬಳಸದೇ ಇರಲಿ.

ರೂಟರಿನಲ್ಲಿ ಕ್ಯೂಓಎಸ್ ಅಥವಾ ಬ್ಯಾಂಡ್‌ವಿಡ್ತ್ ಕಂಟ್ರೋಲ್ ಇದ್ದರೆ ಪ್ರತಿ ಕಂಪ್ಯೂಟರಿಗೂ ಒಂದು ಮಿತಿ ಹಾಕಬಹುದು. ಅಪ್‌ಡೇಟ್ ನಿಧಾನ ಆಗುತ್ತದೆ, ಆದರೆ ಪಾಠ ನಿಲ್ಲುವುದಿಲ್ಲ. ಮನೆಬಳಕೆಯ ಚಿಕ್ಕ ರೂಟರನ್ನು ಇಡೀ ಲ್ಯಾಬಿಗೆ ಹಾಕಿದ್ದರೆ ಇನ್ನೊಂದು ತೊಂದರೆ ಇದೆ. ಅಪ್‌ಡೇಟ್ ಪ್ರೋಗ್ರಾಂಗಳು, ಬ್ರೌಸರುಗಳು ಎಲ್ಲ ಸೇರಿ ನೂರಾರು ಸಂಪರ್ಕ ತೆರೆದಾಗ ಅಂಥ ರೂಟರ್ ಲೆಕ್ಕ ಇಡಲಾಗದೆ ಸ್ತಬ್ಧ ಆಗುತ್ತದೆ. ಅದರ ಸೆಟ್ಟಿಂಗ್ ಪುಟವೂ ತೆರೆಯುವುದಿಲ್ಲ, ರೀಸ್ಟಾರ್ಟ್ ಮಾಡಿದರೆ ಸರಿಯಾಗುತ್ತದೆ. ಇದು ಪದೇ ಪದೇ ಆದರೆ ರೂಟರ್ ಬದಲಾಯಿಸಿ, ಸಾಫ್ಟ್‌ವೇರ್‌ನಲ್ಲಿ ಹುಡುಕಬೇಡಿ.

ಒಂದೆರಡಕ್ಕೆ ಮಾತ್ರ ಹೋಗಿದ್ದರೆ

ಮೊದಲು ಸುಮ್ನೆ ಎರಡು ನಿಮಿಷ ಕಾಯಿರಿ. ವೈರಸ್ ಪಟ್ಟಿ ಅಪ್‌ಡೇಟ್ ಆಗುವುದು ಬೇರೆ, ಆಂಟಿವೈರಸ್ ಪ್ರೋಗ್ರಾಂ ತಾನೇ ಅಪ್‌ಡೇಟ್ ಆಗುವುದು ಬೇರೆ. ಎರಡನೆಯದರಲ್ಲಿ ಅದು ನೆಟ್‌ವರ್ಕ್ ಕಾರ್ಡಿನ ಮೇಲೆ ಕೂತು, ಬಂದು ಹೋಗುವುದನ್ನೆಲ್ಲ ಪರೀಕ್ಷಿಸುವ ತನ್ನ ಫಿಲ್ಟರ್ ಡ್ರೈವರನ್ನು ಕಳಚಿ ಹೊಸದು ಹಾಕುತ್ತದೆ. ಆ ಹೊತ್ತಿನಲ್ಲಿ ನೆಟ್ ಒಂದು ಕ್ಷಣ ಹೋಗಿ ಬರುವುದು ಸಹಜ. ನೆಟ್‌ವರ್ಕ್ ಐಕಾನಿನ ಜಾಗದಲ್ಲಿ ಗ್ಲೋಬ್ ಬಂದು, ಮತ್ತೆ ಸರಿಯಾಗಿ, ಕೆಳಗೆ "ರೀಸ್ಟಾರ್ಟ್ ಮಾಡಿ" ಅಂತ ಒಂದು ಸೂಚನೆ ಬಂದರೆ ಎಲ್ಲ ಸರಿಯಾಗೇ ನಡೆಯುತ್ತಿದೆ. ಆ ರೀಸ್ಟಾರ್ಟನ್ನು ಮುಂದೂಡಬೇಡಿ. ಅರ್ಧ ಹಳೆಯದು, ಅರ್ಧ ಹೊಸದು ಇರುವ ಸ್ಥಿತಿಯಲ್ಲೇ ಎಷ್ಟೋ ಕಂಪ್ಯೂಟರುಗಳು ದಿನಗಟ್ಟಲೆ ಕೂತಿರುತ್ತವೆ, ನೆಟ್ ಬಂದು ಹೋಗಿ ಮಾಡುತ್ತಿರುತ್ತದೆ.

ರೀಸ್ಟಾರ್ಟ್ ಆದರೂ ಬರದಿದ್ದರೆ ಕಂಪ್ಯೂಟರನ್ನು ಸೇಫ್ ಮೋಡ್ ವಿತ್ ನೆಟ್‌ವರ್ಕಿಂಗ್‌ನಲ್ಲಿ ತೆರೆಯಿರಿ. ಅಲ್ಲಿ ವಿಂಡೋಸ್ ತನಗೆ ಬೇಕಾದಷ್ಟನ್ನು ಮಾತ್ರ ಲೋಡ್ ಮಾಡುತ್ತದೆ. ಕೇಬಲ್ ಸಂಪರ್ಕದಲ್ಲಿ ಮಾಡಿ, ವೈಫೈ ಎಲ್ಲ ಕಡೆ ಅಲ್ಲಿ ಕೆಲಸ ಮಾಡಲ್ಲ. ಅಲ್ಲಿ ನೆಟ್ ಬಂದರೆ ಕಾರ್ಡ್, ಕೇಬಲ್, ರೂಟರ್ ಎಲ್ಲ ಚೆನ್ನಾಗಿವೆ, ಹೊರಗಿಂದ ಹಾಕಿದ ಯಾವುದೋ ಪ್ರೋಗ್ರಾಂ ತಡೆಯುತ್ತಿದೆ ಅಂತಾಯಿತು. ಅಲ್ಲೂ ಬರದಿದ್ದರೆ ಆಂಟಿವೈರಸ್ಸನ್ನು ಬಿಟ್ಟು ಬೇರೆ ಕಡೆ ಹುಡುಕಿ.

ಆಂಟಿವೈರಸ್ಸೇ ಅಂತ ಗೊತ್ತಾದ ಮೇಲೆ ಅದರ ಭಾಗಗಳನ್ನು ಒಂದೊಂದಾಗಿ ನಿಲ್ಲಿಸಿ ನೋಡಿ. ಮೊದಲು ವೆಬ್ ರಕ್ಷಣೆ, ಆಮೇಲೆ ಅದರ ಫೈರ್‌ವಾಲ್. ಪೂರ್ತಿ ಆಫ್ ಮಾಡಬೇಡಿ, ಮಾಡಿದರೆ ಯಾವ ಭಾಗ ಕಾರಣ ಅನ್ನುವುದೇ ತಿಳಿಯುವುದಿಲ್ಲ. ವೆಬ್ ರಕ್ಷಣೆ ನಿಲ್ಲಿಸಿದಾಗ ನೆಟ್ ಬಂದರೆ, ಅದರೊಳಗಿನ ಎಚ್‌ಟಿಟಿಪಿಎಸ್ ಸ್ಕ್ಯಾನಿಂಗ್ ಮೇಲೆ ಕಣ್ಣಿಡಿ. ಸುರಕ್ಷಿತ ಪುಟಗಳ ಒಳಗೆ ಇಣುಕಲು ಆಂಟಿವೈರಸ್ ತನ್ನದೇ ಒಂದು ಸರ್ಟಿಫಿಕೇಟನ್ನು (ಸೈಟ್ ನಂಬಬಹುದಾದದ್ದು ಅಂತ ಬ್ರೌಸರಿಗೆ ತೋರಿಸುವ ಗುರುತಿನ ಚೀಟಿ) ಕಂಪ್ಯೂಟರಿನಲ್ಲಿ ಹಾಕಿರುತ್ತದೆ. ಅಪ್‌ಡೇಟ್‌ನಲ್ಲಿ ಅದು ಬದಲಾಗಿ, ಬ್ರೌಸರಿಗೆ ಅದರ ಪರಿಚಯ ಆಗದಿದ್ದರೆ ಪ್ರತಿ ಪುಟಕ್ಕೂ "ಈ ಸಂಪರ್ಕ ಸುರಕ್ಷಿತವಲ್ಲ" ಅನ್ನುತ್ತದೆ. ಒಂದು ಸುಲಭ ಸುಳಿವು ಇದೆ: ಕ್ರೋಮ್ ಅಥವಾ ಎಡ್ಜ್‌ನಲ್ಲಿ ಪುಟ ತೆರೆದು ಫೈರ್‌ಫಾಕ್ಸ್‌ನಲ್ಲಿ ತೆರೆಯದಿದ್ದರೆ ಹೆಚ್ಚಾಗಿ ಇದೇ ಕಾರಣ, ಯಾಕೆಂದರೆ ಫೈರ್‌ಫಾಕ್ಸ್ ಸರ್ಟಿಫಿಕೇಟುಗಳ ಪಟ್ಟಿಯನ್ನು ತಾನೇ ಬೇರೆ ಇಟ್ಟುಕೊಳ್ಳುತ್ತದೆ. ಎಚ್‌ಟಿಟಿಪಿಎಸ್ ಸ್ಕ್ಯಾನಿಂಗ್ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ, ಮತ್ತೆ ಆನ್ ಮಾಡಿದರೆ ಎಷ್ಟೋ ಸಲ ಸರ್ಟಿಫಿಕೇಟ್ ಸರಿಯಾಗಿ ಕೂರುತ್ತದೆ.

ಫೈರ್‌ವಾಲ್ ಕಾರಣ ಆಗಿದ್ದರೆ ಕಥೆ ಬೇರೆ. ಡ್ರೈವರ್ ಬದಲಾದಾಗ ನಿಮ್ಮ ಲ್ಯಾಬಿನ ನೆಟ್‌ವರ್ಕ್ ಅದಕ್ಕೆ "ಹೊಸ ನೆಟ್‌ವರ್ಕ್" ಅಂತ ಕಾಣಿಸಬಹುದು. ಹೊಸದು ಅಂದರೆ ಪಬ್ಲಿಕ್, ನಂಬಬಾರದ್ದು. ಆಗ ಹಂಚಿಕೆಯ ಫೋಲ್ಡರ್, ಪ್ರಿಂಟರ್ ಎಲ್ಲ ಮಾಯ, ಕೆಲವೊಮ್ಮೆ ನೆಟ್ ಕೂಡ. ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಅದನ್ನು ಪ್ರೈವೇಟ್ ಮಾಡಿ, ಆಂಟಿವೈರಸ್ಸಿನ ಫೈರ್‌ವಾಲ್‌ನಲ್ಲೂ ನಂಬಿಕೆಯ ನೆಟ್‌ವರ್ಕ್ ಅಂತ ಗುರುತು ಹಾಕಿ. ಹಾಗೇ ಅದರ ತಡೆದ ವಿಳಾಸಗಳ ಪಟ್ಟಿಯನ್ನೂ ನೋಡಿ. ದಾಳಿ ಅಂತ ತಪ್ಪು ತಿಳಿದು ಶಾಲೆಯ ರೂಟರನ್ನೋ ಪ್ರಾಕ್ಸಿಯನ್ನೋ ಅದರಲ್ಲಿ ಸೇರಿಸಿಬಿಟ್ಟಿರುವುದೂ ಉಂಟು.

ಇನ್ನೂ ಆಗಲಿಲ್ಲವೇ? ನೆಟ್‌ವರ್ಕ್ ಅಡಾಪ್ಟರಿನ ಪ್ರಾಪರ್ಟೀಸ್ ತೆರೆಯಿರಿ. ಟಿಕ್ ಗುರುತುಗಳ ಒಂದು ಪಟ್ಟಿ ಇರುತ್ತದೆ. ಅದರಲ್ಲಿ ಆಂಟಿವೈರಸ್ ಕಂಪನಿಯ ಹೆಸರಿನ ಫಿಲ್ಟರ್ ಇದ್ದರೆ ಅದರ ಟಿಕ್ ತೆಗೆದು ನೋಡಿ. ವರ್ಷಗಳ ಹಿಂದೆ ತೆಗೆದು ಹಾಕಿದ ಹಳೆಯ ಆಂಟಿವೈರಸ್ಸಿನ ಫಿಲ್ಟರ್ ಅಲ್ಲಿ ಇನ್ನೂ ಕೂತಿದ್ದರೆ ಈಗಿನದಕ್ಕೂ ಅದಕ್ಕೂ ಜಗಳ ನಡೆಯುತ್ತಿರುತ್ತದೆ. ಸಾಮಾನ್ಯ ಅನ್‌ಇನ್‌ಸ್ಟಾಲ್‌ನಲ್ಲಿ ಇಂಥವು ಉಳಿದುಬಿಡುತ್ತವೆ, ಅದಕ್ಕೇ ಕಂಪನಿಗಳು ಬೇರೆಯೇ ರಿಮೂವಲ್ ಟೂಲ್ ಕೊಡುತ್ತವೆ. ನೆಟ್ ಇಲ್ಲದ ಕಂಪ್ಯೂಟರಿಗೆ ಅದನ್ನು ಬೇರೆ ಕಂಪ್ಯೂಟರಿನಿಂದ ತರಬೇಕಾಗುತ್ತದೆ. ಹೊಸದಾಗಿ ಹಾಕುವ ಆಂಟಿವೈರಸ್ಸಿನ ಪೂರ್ತಿ ಇನ್‌ಸ್ಟಾಲರ್, ಲೈಸೆನ್ಸ್ ಕೀ ಎರಡನ್ನೂ ಕೈಯಲ್ಲಿಟ್ಟುಕೊಂಡೇ ಹಳೆಯದನ್ನು ತೆಗೆಯಿರಿ.

ಕೊನೆಯ ಅಸ್ತ್ರ ವಿಂಡೋಸ್‌ನ ನೆಟ್‌ವರ್ಕ್ ರೀಸೆಟ್, ಅಥವಾ ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟಿನಲ್ಲಿ ನೆಟ್‌ಶ್ ವಿನ್‌ಸಾಕ್ ರೀಸೆಟ್. ಎರಡಕ್ಕೂ ರೀಸ್ಟಾರ್ಟ್ ಬೇಕು. ಆದರೆ ತಡೆಯಿರಿ. ಶಾಲೆಗಳಲ್ಲಿ ಎಷ್ಟೋ ಕಡೆ ಪ್ರತಿ ಕಂಪ್ಯೂಟರಿಗೂ ಐಪಿ ವಿಳಾಸವನ್ನು ಕೈಯಿಂದ ಹಾಕಿರುತ್ತಾರೆ. ನೆಟ್‌ವರ್ಕ್ ರೀಸೆಟ್ ಮಾಡಿದರೆ ಅದು ಅಳಿಸಿ ಹೋಗುತ್ತದೆ, ವೈಫೈ ಪಾಸ್‌ವರ್ಡೂ ಹೋಗುತ್ತದೆ. ಮೊದಲು ಐಪಿಕಾನ್ಫಿಗ್ ಸ್ಲ್ಯಾಶ್ ಆಲ್ ಕೊಟ್ಟು, ಬಂದದ್ದನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಆಮೇಲೆ ಮುಂದುವರಿಯಿರಿ.

ಗಡಿಯಾರ ನೋಡಿದಿರಾ?

ಹಳೆಯ ಲ್ಯಾಬ್‌ಗಳಲ್ಲಿ ಇದು ಎಷ್ಟು ಸಾಮಾನ್ಯವೋ ಅಷ್ಟೇ ಸುಲಭವಾಗಿ ತಪ್ಪಿಹೋಗುತ್ತದೆ. ಮದರ್‌ಬೋರ್ಡಿನ ಮೇಲೆ ನಾಣ್ಯದಷ್ಟು ಅಗಲದ ಒಂದು ಬ್ಯಾಟರಿ ಇರುತ್ತದೆ, ಸಿಆರ್2032 ಅಂತ ಅದರ ಮೇಲೇ ಬರೆದಿರುತ್ತದೆ, 3 ವೋಲ್ಟ್. ಅದು ಮುಗಿದರೆ ಕರೆಂಟ್ ತೆಗೆದಾಗಲೆಲ್ಲ ಕಂಪ್ಯೂಟರಿನ ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ. ಲ್ಯಾಬ್ ಮುಚ್ಚುವಾಗ ಮೇನ್ ಆಫ್ ಮಾಡುವ ಅಭ್ಯಾಸ ಇದ್ದರೆ ಪ್ರತಿದಿನ. ತಾರೀಖು ಹಿಂದೆ ಇದ್ದರೆ ವೆಬ್‌ಸೈಟುಗಳ ಸರ್ಟಿಫಿಕೇಟ್ ಇನ್ನೂ ಜಾರಿಗೇ ಬಂದಿಲ್ಲ ಅಂತ ಬ್ರೌಸರ್ ತಿಳಿಯುತ್ತದೆ, ಪುಟ ತೆರೆಯುವುದಿಲ್ಲ. ಆಂಟಿವೈರಸ್ಸಿಗೂ ಅದೇ ಕಾರಣಕ್ಕೆ ತನ್ನ ಸರ್ವರ್ ಸಿಗುವುದಿಲ್ಲ, ಲೈಸೆನ್ಸ್ ಸರಿಯಿಲ್ಲ ಅನ್ನುತ್ತದೆ, ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ನೋಡುವವರಿಗೆ ಕಾಣುವುದು ಎರಡೇ: ಅಪ್‌ಡೇಟ್ ಸುತ್ತುತ್ತಿದೆ, ನೆಟ್ ಇಲ್ಲ. ಪಿಂಗ್ ಮಾಡಿದರೆ ಎಲ್ಲ ಸರಿ ಇರುತ್ತದೆ, ಅದೇ ಸುಳಿವು. ತಾರೀಖು ತುಂಬಾ ಹಿಂದೆ ಹೋಗಿದ್ದರೆ ವಿಂಡೋಸ್ ತಾನಾಗಿ ಸರಿಮಾಡಿಕೊಳ್ಳದೆಯೂ ಇರಬಹುದು, ಕೈಯಿಂದ ಸರಿಮಾಡಿ. ಬ್ಯಾಟರಿ ಬದಲಾಯಿಸಿ. ಒಂದರಲ್ಲಿ ಮುಗಿದಿದ್ದರೆ ಒಟ್ಟಿಗೆ ಕೊಂಡ ಉಳಿದವುಗಳದ್ದೂ ಮುಗಿಯುವ ಹಂತದಲ್ಲೇ ಇರುತ್ತದೆ.

ಶಾಲೆಯ ಫಿಲ್ಟರೇ ಅಡ್ಡ ಬಂದರೆ

ಮಕ್ಕಳಿಗೆ ಬೇಡದ ಸೈಟುಗಳನ್ನು ತಡೆಯಲು ಫಿಲ್ಟರ್ ಅಥವಾ ಪ್ರಾಕ್ಸಿ ಇದ್ದರೆ, ಅದು ಆಂಟಿವೈರಸ್ಸಿನ ಅಪ್‌ಡೇಟ್ ಸರ್ವರನ್ನೂ ತಡೆದಿರಬಹುದು. ಬ್ರೌಸರಿನಲ್ಲಿ ಪ್ರಾಕ್ಸಿ ಹಾಕಿದ್ದೇವೆ ಅಂದರೆ ಸಾಲದು, ಹಿನ್ನೆಲೆಯಲ್ಲಿ ಓಡುವ ಸರ್ವೀಸುಗಳು ಎಷ್ಟೋ ಸಲ ಅದನ್ನು ನೋಡುವುದೇ ಇಲ್ಲ, ಸಿಸ್ಟಮ್ಮಿನ ಬೇರೆ ಪ್ರಾಕ್ಸಿ ಸೆಟ್ಟಿಂಗ್ ನೋಡುತ್ತವೆ. ನೆಟ್‌ಶ್ ವಿನ್‌ಎಚ್‌ಟಿಟಿಪಿ ಶೋ ಪ್ರಾಕ್ಸಿ ಅಂತ ಕೊಟ್ಟರೆ ಅದು ಕಾಣುತ್ತದೆ. ಕಂಪನಿಯ ಸಹಾಯ ಪುಟದಲ್ಲಿ ಅಪ್‌ಡೇಟ್ ಸರ್ವರುಗಳ ಪಟ್ಟಿ ಇರುತ್ತದೆ, ಅದನ್ನು ಫಿಲ್ಟರಿನ ಅನುಮತಿ ಪಟ್ಟಿಗೆ ಸೇರಿಸಿ. ಫಿಲ್ಟರ್ ಸುರಕ್ಷಿತ ಪುಟಗಳನ್ನು ಬಿಚ್ಚಿ ನೋಡುವಂಥದ್ದಾದರೆ ಆ ವಿಳಾಸಗಳಿಗೆ ಬಿಚ್ಚುವುದು ಬೇಡ ಅಂತಲೂ ಹೇಳಬೇಕು.

ಅಪ್‌ಡೇಟೇ ಕೆಟ್ಟದ್ದಾಗಿದ್ದರೆ

ಇದು ಅಪರೂಪ, ಆದರೆ ಆಗಿದೆ. 2010ರ ಏಪ್ರಿಲ್ 21ರಂದು ಮೆಕಾಫಿ ಆಂಟಿವೈರಸ್ಸಿನ 5958ನೇ ಅಪ್‌ಡೇಟ್ ವಿಂಡೋಸ್ ಎಕ್ಸ್‌ಪಿ ಸರ್ವೀಸ್ ಪ್ಯಾಕ್ 3ರ ಎಸ್‌ವಿಸಿಹೋಸ್ಟ್ ಅನ್ನುವ ಮುಖ್ಯ ಫೈಲನ್ನೇ ವೈರಸ್ ಅಂದಿತು. ನೆಟ್‌ವರ್ಕಿನ ಸರ್ವೀಸುಗಳು ಓಡುವುದೇ ಅದರೊಳಗೆ, ಹಾಗಾಗಿ ಕಂಪ್ಯೂಟರುಗಳು ನೆಟ್ ಕಳೆದುಕೊಂಡು ಪದೇ ಪದೇ ರೀಸ್ಟಾರ್ಟ್ ಆದವು. 2012ರ ಸೆಪ್ಟೆಂಬರಿನಲ್ಲಿ ಸೋಫೋಸ್ ತನ್ನದೇ ಅಪ್‌ಡೇಟ್ ಪ್ರೋಗ್ರಾಮನ್ನು ವೈರಸ್ ಅಂತ ಹಿಡಿಯಿತು. 2013ರ ಫೆಬ್ರವರಿಯಲ್ಲಿ ಕ್ಯಾಸ್ಪರ್‌ಸ್ಕಿಯ ಒಂದು ಅಪ್‌ಡೇಟ್‌ನಿಂದ ಎಕ್ಸ್‌ಪಿ ಕಂಪ್ಯೂಟರುಗಳಲ್ಲಿ ಇಂಟರ್ನೆಟ್ ನಿಂತಿತು. ಎರಡು ಸಲ ಪೆಟ್ಟು ಬಿದ್ದದ್ದು ಎಕ್ಸ್‌ಪಿಗೆ, ಗಮನಿಸಿದಿರಾ? ಬೆಂಬಲ ಮುಗಿದ ವಿಂಡೋಸ್ ಮೇಲೆ ಇವತ್ತಿನ ಆಂಟಿವೈರಸ್ ಓಡಿಸುವುದು ಇನ್ನೂ ಅಪಾಯ. ವಿಂಡೋಸ್ 7ರ ಬೆಂಬಲ 2020ರ ಜನವರಿ 14ಕ್ಕೆ ಮುಗಿದಿದೆ. ಅದರಲ್ಲಿ ಎಸ್‌ಎಚ್‌ಎ-2 ಸಹಿಯನ್ನು (ಫೈಲ್ ಅಸಲಿ ಅಂತ ತೋರಿಸುವ ಡಿಜಿಟಲ್ ಸಹಿಯ ಹೊಸ ಬಗೆ) ಓದಲು ಬೇಕಾದ ಪ್ಯಾಚ್ ಹಾಕಿರದಿದ್ದರೆ ಆಂಟಿವೈರಸ್ಸಿನ ಹೊಸ ಡ್ರೈವರ್ ಲೋಡ್ ಆಗದೇ ಹೋಗಬಹುದು.

ಒಂದೇ ದಿನ, ಒಂದೇ ಆವೃತ್ತಿಯ ಆಂಟಿವೈರಸ್ ಇರುವ ಎಲ್ಲ ಕಂಪ್ಯೂಟರುಗಳೂ ಕೆಟ್ಟು, ಅದೇ ಲೈನಿನಲ್ಲಿ ಮೊಬೈಲ್ ಮಾತ್ರ ಚೆನ್ನಾಗಿ ಓಡುತ್ತಿದ್ದರೆ ಇದನ್ನು ಅನುಮಾನಿಸಿ. ಲೈನ್ ತುಂಬಿದ್ದರೆ ಮೊಬೈಲಿಗೂ ಸಿಗುತ್ತಿರಲಿಲ್ಲ, ಅಲ್ವಾ? ಆನ್ ಆಗದೆ ಉಳಿದ ಕಂಪ್ಯೂಟರುಗಳನ್ನು ಹಾಗೇ ಬಿಡಿ, ಆನ್ ಮಾಡುವುದಾದರೆ ಕೇಬಲ್ ಕಿತ್ತು ಮಾಡಿ. ಆಂಟಿವೈರಸ್ಸಿನಲ್ಲಿ ರೋಲ್‌ಬ್ಯಾಕ್ ಇದ್ದರೆ ಹಿಂದಿನ ಪಟ್ಟಿಗೆ ಹೋಗಿ. ಕಂಪನಿಗೆ ಫೋನ್ ಮಾಡುವ ಮೊದಲು ಪ್ರೋಗ್ರಾಮಿನ ಆವೃತ್ತಿ, ಪಟ್ಟಿಯ ಆವೃತ್ತಿ, ವಿಂಡೋಸ್ ಆವೃತ್ತಿ, ನೆಟ್ ಹೋದ ಹೊತ್ತು ಇವಿಷ್ಟನ್ನು ಬರೆದುಕೊಳ್ಳಿ. ಸರಿಪಡಿಸಿದ ಅಪ್‌ಡೇಟ್ ಬಂದಾಗ ಒಂದೇ ಕಂಪ್ಯೂಟರಿಗೆ ಹಾಕಿ ನೋಡಿ, ಆಮೇಲೆ ಉಳಿದವಕ್ಕೆ. ಲಾಕ್ ಸಾಫ್ಟ್‌ವೇರ್ ಇರುವ ಲ್ಯಾಬ್ ಆದರೆ ಮೊದಲು ಲಾಕ್ ತೆಗೆದು ಆಮೇಲೆ ಆ ಅಪ್‌ಡೇಟ್ ಹಾಕಿ, ಇಲ್ಲದಿದ್ದರೆ ಕೆಟ್ಟ ಅಪ್‌ಡೇಟಿನ ಜೊತೆಗೇ ಫ್ರೀಜ್ ಆದ ಕಂಪ್ಯೂಟರ್ ಮರುದಿನವೂ ಹಾಗೇ ಏಳುತ್ತದೆ.